ಆಯಕ್ಕೆ ಅರ್ಧ ಅಡಿ

ತೊಟ್ಟಿಯಲ್ಲಿ ನೆನೆಹಾಕಿದ ಇಟ್ಟಿಗೆಗಳಿಂದ ಇನ್ನೂ ಗುಳ್ಳೆ ಏಳುತ್ತಿದೆ, ಗುಳ್ಳೆ ನಿಲ್ಲುವ ತನಕ ತೆಗೆಯಬೇಡಿ ಎಂದಿದ್ದ ಮೇಸ್ತ್ರಿ ಹೊನ್ನಪ್ಪ, ನಿಂತಿಲ್ಲ, ನಿಲ್ಲಲಿ, ಆತುರವೇನಿದೆ ಎಂದುಕೊಂಡು ತಿಮ್ಮೇಶ ತೊಟ್ಟಿಯ ಅಂಚಿನಲ್ಲಿ ಕೂತಿದ್ದ — ಆಟೋ ಹೋಗಿ ಎಷ್ಟು ಹೊತ್ತಾಯಿತು, ಅಣ್ಣ ಸಿದ್ದರಾಮುವನ್ನು ನಾಲ್ಕು ಜನ ಎತ್ತಿ ಆಟೋಗೆ ತುಂಬಿದರು, ಒಡೆದ ತಲೆ ಸುಧಳ ಮಡಿಲಲ್ಲಿತ್ತು, ತನ್ನ ಹೆಂಡತಿ ಸುಧ, ಹತ್ತುವಾಗ ಒಂದು ಸಲವೂ ಇತ್ತ ತಿರುಗಲಿಲ್ಲ, ತಿರುಗದಿದ್ದರೆ ಬಿಡಲಿ, ಕಟ್ಟಲು ಹೊರಟ ಈ ಕೋಣೆ ಅವಳಿಗೂ ಸೇರಿ ತಾನೇ — ಹಳೆಯ ಇಟ್ಟಿಗೆ ಮನೆಯ ಬೆನ್ನಿಗೆ ಒಂದೇ ಒಂದು ಕೋಣೆ, ದಪ್ಪ ಗೋಡೆ, ಕರಿಘಟ್ಟ ಬೆಟ್ಟದ ಕಡೆಗೆ ಕಿಟಕಿ, ಕಿಟಕಿಯ ಕೆಳಗೆ ಮಂಚ, ಇಪ್ಪತ್ತೆರಡು ವರ್ಷ ರಾಗಿ ಬೀಸುವ ಮಿಲ್ಲಿನಲ್ಲಿ ನಿಂತು ನಿಂತು ಕಿವಿಯೊಳಗೇ ಒಂದು ಮಿಲ್ಲು ಕೂತುಬಿಟ್ಟಿದೆ, ಉಣ್ಣುವಾಗಲೂ ಗರಗರ, ಮಲಗಿದರೂ ಗರಗರ, ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ ಸದ್ದಿಲ್ಲದ ಕಡೆ ಮಲಗಬೇಕು — ಹಾರೆ ತಲೆಗೆ ಬಿದ್ದಾಗ ಬಂದ ಸದ್ದು ಎಂಥದು, ತೆಂಗಿನಕಾಯಿ ಒಡೆದದ್ದಲ್ಲ, ಒದ್ದೆ ಇಟ್ಟಿಗೆ ಸೀಳಿದ ಹಾಗೆ, ಆಮೇಲೆ ಪಾಯದ ಗೂಟದ ಮೇಲಿದ್ದ ಅಣ್ಣನ ಕೈ ಜಾರಿ ಸುಣ್ಣದ ಗೆರೆಯನ್ನು ಅಳಿಸಿಕೊಂಡು ಹೋಯಿತು.

ಹನ್ನೊಂದು ಅಡಿಗೆ ವಾಸ್ತು ಲೆಕ್ಕದ ಆಯ ಕೂಡಿ ಬರಲ್ಲ ಎಂದವನು ಹೊನ್ನಪ್ಪನೇ, ಆಯ ಬರ್ದಿರೋ ಅಳತೇಲಿ ಕಟ್ಟಿದ ಮನೇಲಿ ನಿದ್ದೆ ಹತ್ತಾಕಿಲ್ಲ ಕಣಪ್ಪ, ಹನ್ನೊಂದೂವರೆ ಮಾಡು, ಮಾಡು ಎಂದರೆ ಎಲ್ಲಿಂದ ತರುವುದು, ಆಚೆಗಿರುವುದು ಅಣ್ಣನ ಸಂದಿ, ಅವನು ಸೌದೆ ಒಟ್ಟುವ ಜಾಗ, ತಿಮ್ಮೇಶ ಯಾರನ್ನೂ ಕೇಳದೆ ಗೂಟವನ್ನು ಅರ್ಧ ಅಡಿ ಆಚೆಗೆ ನೆಟ್ಟ, ಕೇಳುವುದಾದರೂ ಹೇಗೆ, ಬೋರಿನ ನೀರಿಗೆ ಜಗಳವಾಗಿ ಮೂರು ವರ್ಷದಿಂದ ಮಾತಿಲ್ಲ, ಹೇಳುವುದಿದ್ದರೆ ಅಣ್ಣ ತನ್ನ ಎಮ್ಮೆಗೆ ಹೇಳುತ್ತಾನೆ, ತಿಮ್ಮೇಶ ಗೋಡೆಗೆ ಉತ್ತರ ಕೊಡುತ್ತಾನೆ, ತಾನು ಹತ್ತು ವರ್ಷದವನಿದ್ದಾಗ ಇದೇ ಗೋಡೆಗೆ ತನ್ನ ತಲೆ ಚಚ್ಚಿದವನು ಆ ಅಣ್ಣ, ಮಾರನೆಯ ದಿನ ಮೇಲುಕೋಟೆಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಪುಳಿಯೋಗರೆ ಕೊಡಿಸಿದವನೂ ಅವನೇ, ಬಾಯಿಬಿಟ್ಟು ತಪ್ಪಾಯಿತು ಅಂದವನಲ್ಲ — ಗುದ್ದಲಿ ಪೂಜೆಯ ಕರ್ಪೂರ ಇನ್ನೂ ಉರಿಯುತ್ತಿತ್ತು, ಅಣ್ಣ ಸಂದಿಯಿಂದ ಬಂದ, ಯಾರ ಮುಖವನ್ನೂ ನೋಡಲಿಲ್ಲ, ನೆಟ್ಟಗೆ ಬಂದು ಬಗ್ಗಿ ಗೂಟಕ್ಕೆ ಕೈ ಹಾಕಿದ, ಕೀಳುತ್ತಾನೆ, ನನ್ನ ನಿದ್ದೆಯನ್ನೇ ಕೀಳುತ್ತಿದ್ದಾನೆ, ಹಾರೆ ತಿಮ್ಮೇಶನ ಕೈಯಲ್ಲೇ ಇತ್ತು, ಒಂದು, ಇನ್ನೊಂದು, ಎರಡನೆಯದು ಬೇಕಿರಲಿಲ್ಲ, ಎರಡನೆಯದನ್ನು ಹೊಡೆಯುವಾಗ ಹಿತವಾಗಿತ್ತು, ಸುಳ್ಳು ಹೇಳಿ ಏನು ಬಂತು, ಕಿವಿಯ ಗರಗರ ಆ ಗಳಿಗೆ ನಿಂತೇ ಹೋಗಿತ್ತು.

ಹೊನ್ನಪ್ಪ ಫೋನನ್ನು ಕಿವಿಯಿಂದ ತೆಗೆದ, ದೂರದಲ್ಲೇ ನಿಂತ, ಓಗ್ಬುಟ್ರಂತೆ, ಆಸ್ಪತ್ರೆ ಗೇಟು ಮುಟ್ಟಕ್ಕೂ ಮುಂಚೆ, ತಿಮ್ಮೇಶನಿಗೆ ಕೇಳಿಸಿತು, ಗರಗರದ ಮೇಲೆಯೇ ಕೇಳಿಸಿತು, ಗೂಟ ಕೀಳಕ್ಕೆ ಬಂದಿದ್ದ ಕಣ್ಲಾ, ನೀನೇ ನೋಡಿದ್ಯಲ್ಲ ಎಂದ ತಿಮ್ಮೇಶ, ಹೊನ್ನಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ, ಇಲ್ಲ ಕಣಪ್ಪ, ಬೆಳಿಗ್ಗೆ ಟೀ ಅಂಗಡೀಲಿ ನಿಮ್ಮಣ್ಣ ನಂಗೇ ಯೋಳಿದ್ರು, ಅರ್ಧ ಅಡಿ ಬಂದ್ರೆ ಬರ್ಲಿ ಬುಡು, ಮನೇಗೆ ದೊಡ್ಡೋನು ನಾನು, ಗೂಟದ ಮೇಲೆ ನನ್ ಕೈ ಬೀಳ್ಬೇಕು, ಮಾತಾಡಾಕಿಲ್ಲ, ಬಂದು ಒತ್ತಿ ಓಯ್ತೀನಿ, ಅವನಿಗೆ ಗೊತ್ತಾಯ್ತದೆ, ನೀನು ಮುಂಚೆ ಯೋಳ್ಬೇಡ ಅಂದ್ರು — ಸುಳ್ಳು, ಎಲ್ಲ ನೆನಪಿದೆ, ಕೀಳುವವನು ಗೂಟವನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ, ಅಣ್ಣ ಹಿಡಿದಿದ್ದ, ಹಿಡಿದಿರಲೇಬೇಕು, ಕಿಟಕಿ ಕರಿಘಟ್ಟದ ಕಡೆಗೆ, ಕೆಳಗೆ ಮಂಚ, ಗೋಡೆ ಹದಿನೆಂಟು ಅಂಗುಲ, ಪೊಲೀಸರು ಬರುವಷ್ಟರಲ್ಲಿ ಅಳಿಸಿದ ಗೆರೆಯನ್ನಾದರೂ ಸರಿಮಾಡಿಸಬೇಕು, ದಾರ ಕಟ್ಟಬೇಕು, ದಾರ ಕಟ್ಟಲು ಗೂಟ, ಗೂಟದ ಮೇಲೆ ಕೈ, ಮುಷ್ಟಿಯಲ್ಲ, ಮುಷ್ಟಿಯಾಗಿರಲಿಲ್ಲ, ಗೂಟದ ತಲೆಯ ಮೇಲೆ ಅಂಗೈ, ಚಪ್ಪಟೆಯಾಗಿ ಒತ್ತಿದ ಅಂಗೈ, ಐದೂ ಬೆರಳು ಬಿಚ್ಚಿಕೊಂಡಿದ್ದವು.