ಎಲ್ಲರೆದುರು ಜುಸ್ಸಾರಾ ಆಡಿದ ಗಿಳಿಯಾಟ

ಬ್ರೆಜಿಲ್ ದೇಶದ ಕರುವಾರು ಊರಿನಲ್ಲಿ ಬೀದಿಬೀದಿಯಲ್ಲಿ ಬೆಂಕಿ ಹೊತ್ತಿಸಿ ಆಚರಿಸುವ ಜೂನ್ ತಿಂಗಳ ಸಾಂ ಜುವಾಂವ್ ಹಬ್ಬ ಹತ್ತಿರ ಬಂತೆಂದರೆ ಮಾರ್ಲೂಸಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುತ್ತಿರಲಿಲ್ಲ. ಅವಳ ಕೈಯ ಮೆಕ್ಕೆಜೋಳದ ಕೇಕಿಗೆ ಪಕ್ಕದ ಬಡಾವಣೆಯಿಂದಲೂ ಜನ ಹೇಳಿಕಳಿಸುತ್ತಿದ್ದರು. ಈ ಸಲ ಮಾತ್ರ ಜೂನ್ ಬಂದರೂ ಅವಳ ಅಡುಗೆಮನೆ ತಣ್ಣಗಿತ್ತು. ತಂಗಿ ಜುಸ್ಸಾರಾ ಒಳಗೆ ಹೋಗಿ ನೋಡಿದರೆ ಓವನ್ ಇದ್ದ ಜಾಗವೇ ಖಾಲಿ.

"ರಿಪೇರಿಗೆ ಕೊಟ್ಟಿದೀಯೇನಕ್ಕಾ?"

"ಮಾರಿದೆ," ಎಂದಳು ಮಾರ್ಲೂಸಿ, ತಲೆ ಎತ್ತದೆ. "ನಿನ್ನ ಗಿಳಿಗೆ ಹಾಕಿದೆ."

ಗಿಳಿ ಎಂದರೆ ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟ. ಒಂದೇ ಸಾಲಿನಲ್ಲಿ ಮೂರು ಗಿಳಿ ಕೂತರೆ ಗೆಲುವು. ಜುಸ್ಸಾರಾ ಮನೆಯ ಮುಂಭಾಗದಲ್ಲೇ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು. ಕೇಶಶೃಂಗಾರದ ವಿಡಿಯೊ ಹಾಕಿ ಹಾಕಿ ಊರಿಗೆಲ್ಲ ಪರಿಚಯವಾಗಿದ್ದಳು. ಅದನ್ನು ಕಂಡು ಗಿಳಿಯಾಟದ ಕಂಪನಿಯವನೊಬ್ಬ ಫೋನ್ ಮಾಡಿದ್ದ. ತಾನೇ ಅವಳ ಹೆಸರಿಗೊಂದು ಖಾತೆ ಮಾಡಿಕೊಟ್ಟು, ನೀನು ಆಡುವುದನ್ನು ಜನಕ್ಕೆ ತೋರಿಸು ಸಾಕು ಎಂದಿದ್ದ. ತೋರಿಸಿದಾಗಲೆಲ್ಲ ಅವಳು ಗೆಲ್ಲುತ್ತಿದ್ದಳು. ಗೆದ್ದಾಗಲೆಲ್ಲ ಕುರ್ಚಿ ಬಿಟ್ಟು ಕುಣಿಯುತ್ತಿದ್ದಳು. ವಾರಕ್ಕೊಮ್ಮೆ ಕಂಪನಿಯಿಂದ ಸಂಭಾವನೆ ಬರುತ್ತಿತ್ತು. ತನ್ನ ಕೈಗುಣವೇ ಹಾಗೆ ಎಂದು ನಂಬಿದ್ದಳು. ಅವಳು ಕಳಿಸಿದ ಲಿಂಕ್ ಒತ್ತಿ ಬೀದಿಗೆ ಬೀದಿಯೇ ಆಟಕ್ಕಿಳಿದಿತ್ತು. ಅಕ್ಕನೂ ಇಳಿದಿದ್ದಳು.

ಜುಸ್ಸಾರಾಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. ಆಡಲು ಬರದಿದ್ದರೆ ಯಾಕೆ ಆಡಬೇಕಿತ್ತು, ಗುಂಡಿ ಒತ್ತುವುದಕ್ಕೂ ಒಂದು ಗಳಿಗೆ ಇರುತ್ತದೆ ಎಂದೆಲ್ಲ ಅಕ್ಕನನ್ನೇ ಬೈದಳು. ಮಾರ್ಲೂಸಿಯ ರಕ್ತದೊತ್ತಡ ನೋಡಲು ಬಂದಿದ್ದ ಆರೋಗ್ಯ ಕಾರ್ಯಕರ್ತೆ ದೋನಾ ಇವಾನಿಲ್ಡಾ ಅಲ್ಲೇ ಕೂತಿದ್ದಳು. ಮನೆಮನೆ ತಿರುಗುವ ಆಕೆ ಇಂಥ ಖಾಲಿ ಜಾಗಗಳನ್ನು ಬೇರೆ ಮನೆಗಳಲ್ಲೂ ಕಂಡಿದ್ದಳು.

"ನೀನಾಡೋ ಖಾತೆಗೆ ದುಡ್ಡು ಹಾಕೋರು ಯಾರು?" ಎಂದು ಕೇಳಿದಳು.

"ಕಂಪನಿಯೋರೇ."

"ಹಂಗಾದ್ರೆ ನೀನು ಇನ್ನೂ ಆಡೇ ಇಲ್ಲ ಕಣಮ್ಮ. ಬಟ್ಟೆ ಅಂಗಡಿ ಬಾಗಿಲಲ್ಲಿ ಗೊಂಬೆ ನಿಲ್ಸಿರ್ತಾರಲ್ಲ, ಹಂಗೆ ನಿನ್ನ ನಿಲ್ಸಿದಾರೆ."

ಮಾತು ಚುರುಕ್ಕೆಂದಿತು. ಶನಿವಾರ ನನ್ನದೇ ದುಡ್ಡಿನಲ್ಲಿ, ಹೊಸ ಖಾತೆಯಲ್ಲಿ, ಎಲ್ಲರೆದುರು ನೇರಪ್ರಸಾರದಲ್ಲಿ ಆಡುತ್ತೇನೆ, ಗೆದ್ದು ಅಕ್ಕನಿಗೆ ಓವನ್ ತರುತ್ತೇನೆ ಎಂದು ಜುಸ್ಸಾರಾ ಪಂಥ ಕಟ್ಟಿದಳು. ಪರೀಕ್ಷೆ ಮಾಡುವುದಕ್ಕೆ ಅಂತಲೂ ಅದರೊಳಗೆ ಕಾಲಿಡಬೇಡ ಎಂದು ದೋನಾ ಇವಾನಿಲ್ಡಾ ಎಷ್ಟು ಹೇಳಿದರೂ ಕೇಳಲಿಲ್ಲ.

ಶನಿವಾರ ಪಾರ್ಲರ್‌ನಲ್ಲಿ ಕಾಲಿಡಲು ಜಾಗವಿಲ್ಲ. ತಲೆಗೆ ಬಣ್ಣ ಹಚ್ಚಿಸಿಕೊಂಡವರು ಅದೇ ಅವತಾರದಲ್ಲಿ ಎದ್ದುಬಂದು ಸುತ್ತ ನಿಂತರು. ಒಂದು ಮೊಬೈಲ್ ಎದುರು ನಿಂತು ಚಿತ್ರ ತೆಗೆಯುತ್ತಿತ್ತು, ಇನ್ನೊಂದು ಅವಳ ಕೈಯಲ್ಲಿತ್ತು. ಮೊದಲ ಸಲ ಒತ್ತಿದಳು, ಮೂರು ಗಿಳಿ ಬಂದು ಕೂತವು. ಹೋ ಎಂದು ಎಲ್ಲರೂ ಕೂಗಿದರು. ಮತ್ತೆ ಒತ್ತಿದಳು, ಗೆಲುವು ಇನ್ನೂ ದೊಡ್ಡದು. ಯಾರೋ ಬಾಚಣಿಗೆಯಿಂದ ಡಬ್ಬಿ ಬಡಿದು ತಾಳ ಹಾಕಿದರು. ಜುಸ್ಸಾರಾ ದೋನಾ ಇವಾನಿಲ್ಡಾಳತ್ತ ನೋಡಿ ಕಣ್ಣು ಹೊಡೆದಳು.

ಆಮೇಲೆ ಗಿಳಿಗಳು ಸತಾಯಿಸತೊಡಗಿದವು. ಎರಡು ಬಂದು ಕೂರುವವು, ಮೂರನೆಯದು ಇನ್ನೇನು ಕೂತಿತು ಎನ್ನುವಾಗ ಜಾರುವುದು. ಗೆದ್ದದ್ದೂ ಹೋಯಿತು, ಹಾಕಿದ್ದೂ ಹೋಯಿತು. ವಾರದ ಗಳಿಕೆ ಹಾಕಿದಳು. ಅದು ಮುಗಿಯುತ್ತಲೇ ಬಾಡಿಗೆಗೆಂದು ಇಟ್ಟದ್ದಕ್ಕೆ ಕೈ ಹಾಕಿದಳು. ತಾಳ ಹಾಕುತ್ತಿದ್ದವರು ಡಬ್ಬಿ ಕೆಳಗಿಟ್ಟದ್ದೂ ಅವಳಿಗೆ ತಿಳಿಯಲಿಲ್ಲ. ಆಗ ಮಾರ್ಲೂಸಿ ಜನರನ್ನು ಸರಿಸಿಕೊಂಡು ಬಂದು ಮೊಬೈಲ್ ಮೇಲೆ ಅಂಗೈ ಊರಿದಳು.

"ಕೈ ತೆಗಿಯಕ್ಕಾ. ಈಗ ಬರುತ್ತೆ. ಇನ್ನೊಂದೇ ಸಲ."

"ಆ ಮಾತು ನಂದು ಜುಸ್ಸಾರಾ. ಅದನ್ನೇ ಹೇಳ್ತಾ ಹೇಳ್ತಾ ನಾನು ಓವನ್ ಮಾರಿದ್ದು."

ಜುಸ್ಸಾರಾ ಗುಂಡಿಯಿಂದ ಬೆರಳು ತೆಗೆದಳು. ಅಕ್ಕನಿಗೆ ಆಡಲು ಬರುವುದಿಲ್ಲ ಎಂದು ತಾನೇ ಬೈದದ್ದು ನೆನಪಾಗಿ ನಾಚಿಕೆಯಾಯಿತು. ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲ್ ರಿಂಗಾಯಿತು. ನೇರಪ್ರಸಾರ ನೋಡುತ್ತಿದ್ದ ಕಂಪನಿಯವನು. ಎಲ್ಲರಿಗೂ ಕೇಳಲಿ ಎಂದು ಅವಳು ಸ್ಪೀಕರ್ ಒತ್ತಿದಳು.

"ಏನ್ ಮಾಡ್ತಿದೀಯ ನೀನು? ತೋರ್ಸೋಕೆ ಅಂತ ಗೆಲ್ಲೋ ಖಾತೆ ಮಾಡ್ಕೊಟ್ಟಿದೀವಲ್ಲ, ನಿಜವಾದ ಆಟಕ್ಕೆ ಯಾಕೆ ಇಳಿದೆ? ಮೊದ್ಲು ವಿಡಿಯೊ ನಿಲ್ಸು."

ಪಾರ್ಲರ್ ತುಂಬ ಜನ ಕೇಳಿಸಿಕೊಂಡರು. ನೇರಪ್ರಸಾರ ನೋಡುತ್ತಿದ್ದವರೂ ಕೇಳಿಸಿಕೊಂಡರು. ಒಮ್ಮೆಗೇ ಗುಲ್ಲೆದ್ದಿತು. ನೋಡುವವರ ಸಂಖ್ಯೆ ಹಬ್ಬದ ಪಟಾಕಿಯ ಹಾಗೆ ಮೇಲೇರುತ್ತಿತ್ತು. ಜುಸ್ಸಾರಾ ಕರೆ ಕತ್ತರಿಸಿ ಎದುರಿನ ಮೊಬೈಲ್‌ನತ್ತ ತಿರುಗಿದಳು.

"ಕೇಳಿಸ್ತಲ್ವಾ? ಇಷ್ಟು ದಿನ ನಾನು ಕುಣಿದಿದ್ದೆಲ್ಲ ಸುಳ್ಳು ಗೆಲುವಿಗೆ. ನನ್ನ ನಂಬಿ ನೀವು ಕಳ್ಕೊಂಡಿದ್ದು ನಿಜ. ಇನ್ನು ಆಡಬೇಡಿ."

ದೋನಾ ಇವಾನಿಲ್ಡಾಳನ್ನು ತಾನೇ ಕೈಹಿಡಿದು ಮುಂದೆ ನಿಲ್ಲಿಸಿದಳು. ಮೊದಮೊದಲ ಸಣ್ಣ ಗೆಲುವು ಗಾಳಕ್ಕೆ ಸಿಕ್ಕಿಸಿದ ಎರೆ ಎಂದು ಆಕೆ ವಿವರಿಸಿದಳು. ಆಡುತ್ತ ಹೋದಷ್ಟೂ ಉಳಿಯುವ ದುಡ್ಡು ಕಂಪನಿಯದು. ಕೈ ತಡೆಯಲಾಗದವರು ಖಾತೆ ಮುಚ್ಚಿಸಿ, ಮತ್ತೆ ನನ್ನನ್ನು ಒಳಗೆ ಬಿಡಬೇಡಿ ಎಂದು ಕಂಪನಿಗೆ ಬರೆದು ಕೇಳಬೇಕು. ಜೂಜಿಗೆ ದುಡ್ಡು ಹೋಗದಂತೆ ತಡೆಯಲು ಆಗುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಬೇಕು. ಇದು ನಾಚಿಕೆಪಡುವ ವಿಷಯವಲ್ಲ, ರಕ್ತದೊತ್ತಡದ ಹಾಗೆಯೇ ಇದಕ್ಕೂ ಆರೈಕೆ ಇದೆ ಎಂದಳು.

ಅವತ್ತೇ ಜುಸ್ಸಾರಾ ಗಿಳಿಯಾಟದ ವಿಡಿಯೊಗಳನ್ನೆಲ್ಲ ಅಳಿಸಿದಳು. ಅಕ್ಕತಂಗಿಯರು ತಮ್ಮ ತಮ್ಮ ಖಾತೆ ಮುಚ್ಚಿಸಿ ಆರೋಗ್ಯ ಕೇಂದ್ರಕ್ಕೆ ಹೋಗಿಬಂದರು. ಮಾರ್ಲೂಸಿಯ ಚಪಲ ಒಂದೇ ಸಲಕ್ಕೆ ಹೋಗಲಿಲ್ಲ. ಬೆರಳು ತುರಿಸಿದಾಗ ತಂಗಿಗೆ ಫೋನ್ ಮಾಡುವಳು, ಏನಾದರೂ ಹರಟೆ ಹೊಡೆಯುವಷ್ಟರಲ್ಲಿ ಆ ಸೆಳೆತ ದಾಟಿಹೋಗುವುದು. ಬೀದಿಯ ಬೇಕರಿಯವರು ಮಧ್ಯಾಹ್ನದ ಹೊತ್ತು ಓವನ್ ಬಿಟ್ಟುಕೊಟ್ಟರು. ಆ ಹೊತ್ತಿಗೆ ಪಾರ್ಲರ್ ಬಾಗಿಲು ಮುಚ್ಚಿ ಜುಸ್ಸಾರಾ ಜೋಳ ತುರಿಯಲು ಕೂತಳು. ಹಬ್ಬದ ದಿನ ಬೀದಿಯಲ್ಲಿ ಬೆಂಕಿ ಹೊತ್ತಿಸುವ ಮೊದಲೇ ಕೇಕೆಲ್ಲ ಖಾಲಿ. ಮಾರ್ಲೂಸಿ ಬೆವರು ಒರೆಸಿಕೊಂಡು ನಗುತ್ತಿದ್ದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮೊಬೈಲ್‌ನಲ್ಲೂ ಇಂಥ ಆಟ ಇದ್ದರೆ ಈಗಲೇ ತೆಗೆದುಹಾಕಿ. ಹೋದ ದುಡ್ಡನ್ನು ಆಡಿಯೇ ಗಳಿಸುತ್ತೇನೆಂದು ಅದರ ಬೆನ್ನು ಹತ್ತಬೇಡಿ. ಸಾಲ ತೆಗೆದು ಆಡಬೇಡಿ. ಮನೆಯಲ್ಲಿ ನಂಬುವ ಒಬ್ಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಯಾರಾದರೂ ಹಾಗೆ ಹೇಳಿಕೊಂಡು ನಿಮ್ಮ ಬಳಿ ಬಂದರೆ ಬೈಯಬೇಡಿ, ಹತ್ತಿರ ಕೂರಿಸಿಕೊಳ್ಳಿ.