ಭಾವನ ಎರಡನೇ ಪುಸ್ತಕ

ಅಕ್ಕನ ಗಂಡನ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಆಕೆಯದು. ಹನ್ನೊಂದು ವರ್ಷದಿಂದ ಪರದೆಯ ಹಿಂದಿನ ಕೋಣೆಯಲ್ಲಿ ಕೂತು ಅದೇ ಕೆಲಸ. ಎರಡು ತಿಂಗಳಿಂದ ಗಾಜು ಉಜ್ಜುವ ಮೆಷಿನ್ನಿನಲ್ಲಿ ಗಾಜನ್ನು ಕಚ್ಚಿಕೊಳ್ಳುವ ಹಿಡಿ ಸಡಿಲವಾಗಿತ್ತು. ಗಾಜು ಕೂದಲೆಳೆಯಷ್ಟು ಜರುಗಿದರೂ ಅದರ ನಡು ಕಣ್ಣಿನ ಪಾಪೆಗೆ ನೇರವಾಗಿ ಬರುವುದಿಲ್ಲ. ಹಾಕಿಕೊಂಡವರಿಗೆ ತಲೆನೋವು ಗ್ಯಾರಂಟಿ.

ಭಾವನಿಗೆ ಪುಸ್ತಕದ ಹುಚ್ಚು. ಮೊದಲು ಓದಿದ್ದು ಬಾಯಿಂದ ಬಾಯಿಗೆ ಹಬ್ಬುವ ಪ್ರಚಾರದ ಬಗ್ಗೆ. ಬಂದವರಿಗೆಲ್ಲ "ಐದು ಜನಕ್ಕೆ ನಮ್ಮ ಹೆಸರು ಹೇಳಿ" ಎಂದು ದುಂಬಾಲು ಬಿದ್ದರು. ಯಾರೂ ಹೇಳಲಿಲ್ಲ. ಎರಡನೆಯದು, ನಾಯಕನಾದವನು ಒಳಗೊಂದು ಹೊರಗೊಂದು ಇರಬಾರದು ಎನ್ನುವ ಪುಸ್ತಕ. ಅದನ್ನು ಓದಿ ಮುಗಿಸಿದ ಮರುದಿನವೇ ಮೀಟಿಂಗ್ ಕರೆದರು.

"ಯಾರೂ ಏನನ್ನೂ ಮುಚ್ಚಿಡಬೇಡಿ. ನನ್ನ ತಪ್ಪಿದ್ರೂ ಹೇಳಿ."

"ಮೆಷಿನ್ ರಿಪೇರಿ ಮಾಡ್ಸಿ ಭಾವ. ಇದು ಮೂರನೇ ಸಲ ಹೇಳ್ತಿರೋದು," ಎಂದಳು ಆಕೆ.

"ನೋಡಿ, ಧೈರ್ಯ ಅಂದ್ರೆ ಇದು," ಎಂದು ಭಾವ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಮೆಕ್ಯಾನಿಕ್‌ಗೆ ಮಾತ್ರ ಫೋನ್ ಹೋಗಲಿಲ್ಲ.

ಭಾವ ಊಟಕ್ಕೆ ಹೋಗಿದ್ದಾಗ ಪಕ್ಕದ ಬೀದಿಯ ಟೈಲರಮ್ಮ ಹಿಂದಿನ ತಿಂಗಳು ಇಲ್ಲೇ ಮಾಡಿಸಿದ ಕನ್ನಡಕ ಹಿಡಿದು ಬಂದರು. "ಸೂಜಿಗೆ ದಾರ ಪೋಣಿಸೋಕೆ ಹೋದ್ರೆ ತಲೆ ಸಿಡಿಯುತ್ತೆ ಕಣಮ್ಮ. ಅಭ್ಯಾಸ ಆಗುತ್ತೆ ಅಂತಾರೆ ನಿಮ್ಮ ಯಜಮಾನ್ರು."

ಆಕೆ ಕನ್ನಡಕದ ಗಾಜು ಅಳೆದು ನೋಡಿದಳು. "ಅಭ್ಯಾಸ ಆಗಲ್ಲಮ್ಮ. ತಪ್ಪು ನಮ್ಮದು, ಮೆಷಿನ್ ಕೆಟ್ಟಿದೆ. ಬೇರೆ ಗಾಜು ಕೈಯಲ್ಲೇ ಉಜ್ಜಿ ಹಾಕ್ಕೊಡ್ತೀನಿ, ಸಂಜೆ ಬನ್ನಿ."

ಬಟ್ಟೆ ಹೊಲಿಸಲು ಬಂದವರಿಗೆಲ್ಲ ಟೈಲರಮ್ಮ ಈ ವಿಷಯ ಹೇಳಿದರು. ನಾಲ್ಕೇ ದಿನದಲ್ಲಿ ಕನ್ನಡಕ ಹಿಡಿದವರ ಸಾಲು ಅಂಗಡಿಯ ಮೆಟ್ಟಿಲು ದಾಟಿತು. ಭಾವ ಪರದೆ ಸರಿಸಿ ಒಳಗೆ ಬಂದರು. ಮುಖ ಕೆಂಪಾಗಿತ್ತು.

"ನಿನಗೆ ಬಾಯಿ ಮುಚ್ಕೊಂಡಿರೋಕೆ ಏನು ಕಷ್ಟ?"

"ಮುಚ್ಚಿಡಬೇಡಿ ಅಂದಿದ್ದು ನೀವೇ."

"ಅದು ಮೀಟಿಂಗಲ್ಲಿ."

ಆಕೆಗೆ ಅಳು ಬರುವಷ್ಟು ಸಿಟ್ಟು ಬಂತು. ಬೇರೆ ಯಜಮಾನನಾಗಿದ್ದರೆ ಕೆಲಸ ಬಿಸಾಕಿ ಹೋಗುತ್ತಿದ್ದಳು. ಅಕ್ಕನ ಮುಖ ನೆನಪಾಗಿ ಮತ್ತೆ ಗಾಜು ಉಜ್ಜಲು ಕೂತಳು.

ಕೊನೆಗೂ ಮೆಕ್ಯಾನಿಕ್ ಬಂದ. ಒಂದು ಸ್ಕ್ರೂ, ಒಂದು ರಬ್ಬರ್ ತುಂಡು, ಅರ್ಧ ಗಂಟೆ. ಅಷ್ಟಕ್ಕೆ ಎರಡು ತಿಂಗಳು. ತಪ್ಪನ್ನು ಒಪ್ಪಿಕೊಳ್ಳುವ ಅಂಗಡಿ ಎಂದು ಹೊಸಬರೂ ಬರತೊಡಗಿದರು. "ತಪ್ಪು ಕಂಡ ಕೂಡ್ಲೇ ಜನರ ಮುಂದೆ ಹೇಳ್ಬಿಡೋದು ಅಂತ ನಾನೇ ತೀರ್ಮಾನ ಮಾಡ್ದೆ," ಎಂದು ಭಾವ ಗಿರಾಕಿಗಳಿಗೆ ಹೇಳುವುದು ಪರದೆಯಾಚೆಯಿಂದ ಕೇಳಿಸುತ್ತಿತ್ತು.

ವಾರದ ಕೊನೆಗೆ ಅಕ್ಕನ ಫೋನ್. "ವ್ಯಾಪಾರಿಗಳ ಸಂಘದಲ್ಲಿ ನಿಮ್ಮ ಭಾವಂದು ಭಾಷಣ. ನೀನೂ ಬಂದು ಮುಂದಿನ ಸಾಲಲ್ಲಿ ಕೂತ್ಕೋಬೇಕಂತೆ. ಎಲ್ರಿಗೂ ತೋರಿಸ್ತಾರಂತೆ."

"ಏನಂತ?"

"ಧೈರ್ಯವಾಗಿ ಮಾತಾಡೋಕೆ ನಿನಗೆ ಕಲಿಸಿದ್ದು ಅವರೇ ಅಂತ."

"ಬರಲ್ಲ ಅಕ್ಕ. ಇನ್ನೂ ಹದಿನೇಳು ಕನ್ನಡಕ ಸರಿ ಮಾಡೋದಿದೆ."

"ಕೋಪಾನಾ?"

"ಹೂಂ, ಕೋಪಾನೇ."

ಫೋನ್ ಇಟ್ಟು ಆಕೆ ಮುಂದಿನ ಕನ್ನಡಕ ಕೈಗೆತ್ತಿಕೊಂಡಳು. ಭಾವನ ಭಾಷಣ ಚೆನ್ನಾಗಿಯೇ ಆಯಿತಂತೆ.