ಹುಬ್ಬಿನ ಗೆರೆ

ಪರದೆಯ ಮೇಲೆ ಹುಬ್ಬಿನ ಗೆರೆ ಮತ್ತೆ ನಡುವಿನಲ್ಲೇ ತುಂಡಾಯಿತು. ಮೂಗಿನ ಕಡೆಯಿಂದ ಚೆನ್ನಾಗಿಯೇ ಹೊರಟದ್ದು ಅರ್ಧಕ್ಕೆ ಕಡಿದು ಹಣೆಯ ಮೇಲೆಲ್ಲೋ ಹೋಗಿ ಬಿದ್ದಿತ್ತು. ಅಕ್ಕ ಪೆನ್ನು ಕೆಳಗಿಟ್ಟು ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ನೋಡುವುದಕ್ಕೇನೋ ಸರಿಯಾಗೇ ಇತ್ತು, ಹಾಳು ಕೈ.

"ಬಿಡಕ್ಕಾ," ಎಂದ ತಮ್ಮ, ಪ್ರಿಂಟರಿನ ಪಕ್ಕದಿಂದ. "ನಾಳೆ ನನ್ನ ಭಾಮೈದ ಬರ್ತಾನಲ್ಲ, ಅವನೇ ಮುಗಿಸ್ತಾನೆ."

"ನಾನೇ ಮಾಡಿಕೊಡ್ತೀನಿ ಅಂತ ಮೇಷ್ಟ್ರಿಗೆ ಹೇಳಿದೀನಿ ಕಣೋ."

"ಹೇಳಿದ್ರೆ ಏನಾಯ್ತು? ಆಗದೇ ಇರೋದಕ್ಕೆ ಯಾಕೆ ಹಟ?"

ಮೇಷ್ಟ್ರು ತಂದುಕೊಟ್ಟಿದ್ದು ತೀರಿಹೋದ ಹೆಂಡತಿಯ ಫೋಟೊ. ಇದ್ದದ್ದು ಅದೊಂದೇ. ಗೋಡೆಯ ತೇವ ತಗುಲಿ ಒಂದು ಹುಬ್ಬು, ಅರ್ಧ ಹಣೆ ಅಳಿಸಿಹೋಗಿದ್ದವು. ಇಂಥ ಮುಖಗಳನ್ನು ಬದುಕಿಸುವುದೇ ಅಕ್ಕನ ಕೆಲಸ. ಪೆನ್ ಟ್ಯಾಬ್ ಎಂಬ ಕಪ್ಪು ಹಲಗೆಯ ಮೇಲೆ ಅವಳು ಪೆನ್ನೆಳೆದರೆ ಪರದೆಯ ಮೇಲೆ ಗೆರೆ ಮೂಡುತ್ತಿತ್ತು. ಆ ಕೈಯನ್ನು ನಂಬಿಯೇ ಜನ ಈ ಸ್ಟುಡಿಯೊಗೆ ಬರುತ್ತಿದ್ದರು.

ಮಳೆಗಾಲದಲ್ಲಿ ಶುರುವಾದದ್ದು ಇದು. ಗೆರೆ ಕಡಿಯುವುದು, ಹಾರುವುದು. "ಯಾಕೋ ಕೈ ಹಿಡಿತಕ್ಕೆ ಬರ್ತಿಲ್ಲ" ಎಂದು ಅವಳೇ ಮೊದಲು ಹೇಳಿದ್ದು. ತಮ್ಮನೇ ನರದ ಡಾಕ್ಟರ ಬಳಿ ಕರೆದುಕೊಂಡು ಹೋದ. ಹೊರಗೆ ಬೆಂಚಿನ ಮೇಲೆ ಅವಳ ಕೈ ಹಿಡಿದುಕೊಂಡೇ ಕೂತಿದ್ದ. ಡಾಕ್ಟರು ಬೆರಳು ಮಡಚಿಸಿ, ಬಿಡಿಸಿ, ಏನೂ ಕಾಣದೆ ಮಾತ್ರೆ ಬರೆದುಕೊಟ್ಟರು. ಪಾಪ, ಅವರದೇನು ತಪ್ಪು? ಮಾತ್ರೆ ನುಂಗಿ ನುಂಗಿ ಬಾಯಿ ಕಹಿಯಾಯಿತೇ ಹೊರತು ಗೆರೆ ನೆಟ್ಟಗಾಗಲಿಲ್ಲ. ಕೊನೆಗೆ ಅವಳೇ ಸೋತು ಒಪ್ಪಿಕೊಂಡಳು. ನಾಳೆಯಿಂದ ಈ ಕುರ್ಚಿಯಲ್ಲಿ ತಮ್ಮನ ಭಾಮೈದ. ಅವಳು ಬಾಗಿಲ ಬಳಿ ಕೂತು ಫೋಟೊಗಳನ್ನು ಲಕೋಟೆಗೆ ಹಾಕುವುದು.

"ಸರಿ, ಅವನಿಗೆ ಇದನ್ನ ಪೆನ್‌ಡ್ರೈವಿಗೆ ಹಾಕಿಡ್ತೀನಿ," ಎಂದಳು.

ಕಂಪ್ಯೂಟರಿನ ಡಬ್ಬ ಮೇಜಿನ ಕೆಳಗೆ ಮೂಲೆಯಲ್ಲಿತ್ತು. ಅಷ್ಟು ಬಗ್ಗುವವರು ಯಾರು? ಹಾಗಾಗಿ ಟ್ಯಾಬನ್ನೂ ಪೆನ್‌ಡ್ರೈವನ್ನೂ ಮಾನಿಟರಿನ ಪಕ್ಕದಲ್ಲಿದ್ದ ಯುಎಸ್‌ಬಿ ಕಿಂಡಿಗಳಿಗೇ ಸಿಕ್ಕಿಸುತ್ತಿದ್ದರು. ಅವಳು ಸಿಕ್ಕಿಸಿದಳು. ಕಾಪಿ ಅರ್ಧಕ್ಕೆ ಹೋಗಿ ನಿಂತಿತು. ಪೆನ್‌ಡ್ರೈವೇ ಕಾಣಿಸುತ್ತಿಲ್ಲ ಎಂದಿತು ಕಂಪ್ಯೂಟರು. ತೆಗೆದು ಪಕ್ಕದ ಕಿಂಡಿಗೆ ಹಾಕಿದಳು. ಅಲ್ಲೂ ಅದೇ ಕಥೆ.

ಅಕ್ಕ ಪೆನ್‌ಡ್ರೈವನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದಳು. ಪೆನ್‌ಡ್ರೈವಿಗೂ ಕೈ ನಡುಗುತ್ತದೆಯೇ?

ಯಾವತ್ತೂ ಪರದೆಯನ್ನೇ ನೋಡುತ್ತಿದ್ದವಳು ಈ ಸಲ ಕಂಪ್ಯೂಟರಿನ ಸಂಪರ್ಕ ಇರುವಷ್ಟು ಹೊತ್ತೂ ಉರಿಯುವ, ಟ್ಯಾಬಿನ ಅಂಚಿನ ಪುಟ್ಟ ದೀಪವನ್ನು ನೋಡುತ್ತಾ ಪೆನ್ನೆಳೆದಳು. ಮೊಣಕಾಲು ಮೇಜಿಗೆ ತಾಗಿತು. ದೀಪ ಆರಿ ಹತ್ತಿತು. ಪರದೆಯ ಮೇಲೆ ಗೆರೆ ತುಂಡಾಗಿತ್ತು.

ಎರಡೂ ಕಿಂಡಿಗಳಿಗೆ ಜೀವ ಬರುವುದು ಮಾನಿಟರಿನ ಹಿಂದಿನಿಂದ ಕಂಪ್ಯೂಟರಿಗೆ ಹೋಗುವ ಒಂದೇ ಕೇಬಲಿನಿಂದ. ಅವಳು ಮೇಜಿನ ಕೆಳಗೆ ತೂರಿದಳು. ಧೂಳು ಮೂಗಿಗೆ ಹೋಯಿತು. ಕೈಗೆ ಸಿಕ್ಕ ಕೇಬಲು ಒಂದು ಕಡೆ ಜಜ್ಜಿಹೋಗಿತ್ತು. ಮುಟ್ಟಿದರೆ ಸಾಕು, ಮೇಲೆ ದೀಪ ಆರುತ್ತಿತ್ತು. ಅದರ ತುದಿಯಲ್ಲಿ ಕೆಂಪು ಗುರುತಿರಲಿಲ್ಲ. ಮಾನಿಟರು ತಂದ ದಿನವೇ ಅದರ ಕೇಬಲಿಗೆ ಅವಳು ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದಳು, ಪ್ರಿಂಟರಿನದೂ ಅಂಥದ್ದೇ ಚೌಕ ಮೂತಿಯದು, ಕಲಸಿಹೋಗಬಾರದೆಂದು.

ಎದ್ದು ನೇರ ಪ್ರಿಂಟರಿನ ಹಿಂದೆ ಹೋಗಿ ಬಗ್ಗಿದಳು. ಕೆಂಪು ಚುಕ್ಕೆ ಅಲ್ಲಿತ್ತು. ಕಿತ್ತಳು.

"ಏಯ್ ಅಕ್ಕಾ, ಪ್ರಿಂಟ್ ಬರ್ತಾ ಇದೆ!"

"ಮಾನಿಟರಿಂದ ಇದನ್ನ ಯಾವಾಗ ತೆಗ್ದೆ?"

ಅರ್ಧ ಮುಖ ಬಂದು ನಿಂತಿದ್ದ ಕಾಗದವನ್ನು ತಮ್ಮ ನೋಡಿದ. "ಮಳೆಗಾಲದಲ್ಲಿ. ಪ್ರಿಂಟರಿನದು ಡ್ರಾಯರಿಗೆ ಸಿಕ್ಕಿ ಜಜ್ಜಿಹೋಗಿತ್ತು. ಪ್ರಿಂಟರ್ ನಿಂತ್ರೆ ಅಂಗಡೀನೇ ನಿಂತ ಹಾಗೆ. ಅದಕ್ಕೇ ಅದಲುಬದಲು ಮಾಡ್ದೆ. ಹೊಸದು ತರೋಣ ಅಂತಾನೇ ಇದ್ದೆ, ಮರೆತುಹೋಯ್ತು."

"ಗೆರೆ ಹಾರ್ತಿದೆ ಅಂತ ನಾನು ಅಳ್ತಾ ಕೂತಾಗ್ಲೂ ನೆನಪಾಗ್ಲಿಲ್ವಾ?"

ಅವನು ಅರ್ಧಕ್ಕೆ ನಿಂತ ಕಾಗದವನ್ನು ಪ್ರಿಂಟರಿನಿಂದ ಎಳೆದು ತೆಗೆದ.

"ಡಾಕ್ಟ್ರ ಹತ್ರ ಕರ್ಕೊಂಡು ಹೋದ್ಯಲ್ಲ. ಆಗ್ಲೂ ಗೊತ್ತಿತ್ತಾ?"

"ಅಷ್ಟೊತ್ತಿಗೆ ಭಾಮೈದನಿಗೆ ಬಾ ಅಂದುಬಿಟ್ಟಿದ್ದೆ. ಮನೇಲಿ ಹೆಂಡ್ತಿದು ದಿನಾ ಅದೇ ಗಲಾಟೆ, ನನ್ನ ತಮ್ಮನಿಗೊಂದು ದಾರಿ ಮಾಡಿ ಅಂತ." ತಲೆ ಎತ್ತದೆ ಸೇರಿಸಿದ, "ಕೈ ಸರಿಯಿಲ್ಲ ಅಂತ ನೀನೇ ಅಂದೆ. ನಾನೆಲ್ಲಿ ಅಂದೆ?"

ಅಕ್ಕ ತನ್ನ ಬಲಗೈಯನ್ನು ನೋಡಿಕೊಂಡಳು. ಇವನ ಪುಟ್ಟ ಮುಷ್ಟಿಯನ್ನು ಇದೇ ಕೈಯಲ್ಲಿ ಹಿಡಿದು ಅಕ್ಷರ ತಿದ್ದಿಸಿದವಳು ಅವಳು.

"ಕೇಳಿದ್ರೆ ಕುರ್ಚಿ ಬಿಟ್ಟುಕೊಡ್ತಿದ್ನಲ್ಲೋ. ನನ್ನ ಕೈನ ನಾನೇ ನಂಬದ ಹಾಗೆ ಮಾಡ್ಬಿಟ್ಯಲ್ಲ. ಎಂಥಾ ಮೋಸ ಮಾಡ್ದೆ ನೀನು!"

"ಅಕ್ಕಾ..."

"ಅಕ್ಕ ಅನ್ಬೇಡ ನನ್ನ."

ಅವಳು ಮತ್ತೆ ಮೇಜಿನ ಕೆಳಗೆ ತೂರಿ, ಜಜ್ಜಿದ್ದನ್ನು ಕಿತ್ತೆಸೆದು, ಕೆಂಪು ಚುಕ್ಕೆಯದನ್ನು ಸಿಕ್ಕಿಸಿ ಬಂದು ಕೂತಳು. ಬೇಕೆಂದೇ ಮೊಣಕಾಲಿನಿಂದ ಮೇಜನ್ನು ಗುದ್ದಿದಳು. ದೀಪ ಆರಲಿಲ್ಲ. ಪರದೆಯ ಮೇಲೆ ಮೇಷ್ಟ್ರ ಹೆಂಡತಿ ಒಂದೇ ಹುಬ್ಬಿನಲ್ಲಿ ಕಾಯುತ್ತಿದ್ದಳು. ಅಕ್ಕ ಪೆನ್ನೆತ್ತಿ ಮೂಗಿನ ಪಕ್ಕಕ್ಕೆ ತಂದಳು.

ಪೆನ್ನಿನ ತುದಿ ಅಲುಗಾಡುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಆಗ ಎರಡೂ ಕೈ ನಡುಗತೊಡಗಿದವು. ಟ್ಯಾಬಿನ ಅಂಚಿನಲ್ಲಿ ದೀಪ ಒಂದಿಷ್ಟೂ ಮಿಟುಕದೆ ಉರಿಯುತ್ತಿತ್ತು.